ಓದು ಹತ್ತದ ಮಕ್ಕಳು, ಕಡಿಮೆ ಖರ್ಚಿನ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಹೆಚ್ಚಿನ ಪತ್ರಗಳ ಅಳಲು ಒಂದೇ. ಮಗು ಮಾತಿನಲ್ಲಿ ಚುರುಕು, ಕೆಲಸದಲ್ಲಿ ಚುರುಕು, ಪುಸ್ತಕ ತೆರೆದರೆ ಮಾತ್ರ ತಡವರಿಸುತ್ತದೆ. ಖಾಸಗಿ ಕೇಂದ್ರಗಳ ಫೀಸು ಕಟ್ಟುವ ಶಕ್ತಿ ಮನೆಗಿಲ್ಲ. ಪತ್ರಗಳನ್ನು ಚಿಕ್ಕದು ಮಾಡಿ, ಹೆಸರು ಬಿಟ್ಟು ಪ್ರಕಟಿಸಿದ್ದೇವೆ.

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಅ ಆ ಇ ಈ ಒಂದೇ ಉಸಿರಿಗೆ ಹೇಳುತ್ತಾಳೆ, ಕಾಗುಣಿತವೂ ಬಾಯಿಪಾಠ. ಆದರೆ ‘ಪುಸ್ತಕ’ ಬರೆ ಅಂದರೆ ‘ಪುತಕ’ ಅಂತ ಬರೆಯುತ್ತಾಳೆ. ಪಾಠದ ನಡುವಿನ ಒಂದು ಪದ ತೋರಿಸಿದರೆ ಓದಲು ಬರುವುದಿಲ್ಲ. ಟ್ಯೂಷನ್‌ನಲ್ಲಿ ತಪ್ಪಾದ ಪದವನ್ನು ಹತ್ತು ಸಲ ಬರೆಸುತ್ತಾರೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ಸಂಜೆ ಅರ್ಧ ಗಂಟೆ ಸಿಗುತ್ತದೆ. ನಾನೇ ಏನಾದರೂ ಮಾಡಬಹುದೇ?
(ಓದುಗರು, ರಾಣೆಬೆನ್ನೂರು)

ಉತ್ತರ: ಖಂಡಿತ ಮಾಡಬಹುದು. ಅರ್ಧ ಗಂಟೆಯೂ ಬೇಡ, 20 ನಿಮಿಷ ಸಾಕು. ವಾರಕ್ಕೆ ಆರು ದಿನ ತಪ್ಪದೆ ನಡೆಯಬೇಕು, ಅಷ್ಟೆ. ಹತ್ತು ಸಲ ಬರೆಸುವುದನ್ನು ಮೊದಲು ನಿಲ್ಲಿಸಲು ಹೇಳಿ. ಮೂರನೇ ಸಲಕ್ಕೆ ಮಗು ಮೇಲಿನ ಸಾಲು ನೋಡಿ ಚಿತ್ರದ ಹಾಗೆ ನಕಲು ಮಾಡುತ್ತಿರುತ್ತದೆ. ಅಕ್ಷರ ಕಿವಿಗೂ ಬೀಳುವುದಿಲ್ಲ, ತಲೆಗೂ ಹೋಗುವುದಿಲ್ಲ.

ಕೆಲಸ ಶುರು ಮಾಡುವ ಮುನ್ನ ಕಣ್ಣು, ಕಿವಿ ತೋರಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ ಆಗುತ್ತದೆ. ಕಿವಿ ಸೋರುವುದು, ಗುಗ್ಗೆ ಕಟ್ಟಿಕೊಳ್ಳುವುದು ಇದ್ದರೆ ಮಗುವಿಗೆ ತ-ದ, ಪ-ಬ ಬೇರೆಬೇರೆಯಾಗಿ ಕೇಳಿಸುವುದೇ ಕಷ್ಟ. ಅಂಥ ಮಗುವಿಗೆ ಎಷ್ಟು ಓದಿಸಿದರೂ ಗೋಡೆಗೆ ಹೇಳಿದ ಹಾಗೆ.

ಈಗ ಪರೀಕ್ಷೆ. ಹಳೆಯ ಲಗ್ನಪತ್ರಿಕೆಗಳನ್ನು ಇಸ್ಪೀಟ್ ಎಲೆಯ ಅಳತೆಗೆ ಕತ್ತರಿಸಿ, ಹಿಂದೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಒಂದೊಂದೇ ಅಕ್ಷರ ಬರೆಯಿರಿ. ಙ, ಞ, ಝ, ಢ ಈಗ ಬೇಡ. ಚೆನ್ನಾಗಿ ಕಲಸಿ ಒಂದೊಂದಾಗಿ ತೋರಿಸಿ. ನೋಡಿದ ತಕ್ಷಣ ಹೇಳಿದ್ದು ಒಂದು ಗುಡ್ಡೆ, ತಡವರಿಸಿ ಹೇಳಿದ್ದು ಇನ್ನೊಂದು, ಬಾರದ್ದು ಮೂರನೆಯದು. ವರ್ಣಮಾಲೆ ಬಾಯಿಪಾಠ ಇರುವ ಮಕ್ಕಳಲ್ಲೂ ಮೂರನೇ ಗುಡ್ಡೆ ದೊಡ್ಡದಾಗಿಯೇ ಇರುತ್ತದೆ. ಅದು ಬಾಯಿಗೆ ಬಂದ ಹಾಡು, ಅಕ್ಷರದ ಗುರುತಲ್ಲ.

ಮೂರನೇ ಗುಡ್ಡೆಯಿಂದ ವಾರಕ್ಕೆ ನಾಲ್ಕೇ ಅಕ್ಷರ ತೆಗೆದುಕೊಳ್ಳಿ. ನೋಡಲು ಒಂದೇ ಥರ ಇರುವ ದ-ಧ-ಥ, ಪ-ಷ-ಫ, ಬ-ಭ, ವ-ಮ ಇವುಗಳಲ್ಲಿ ಎರಡನ್ನು ಒಂದೇ ವಾರ ಹಿಡಿಯಬೇಡಿ. ಅವಳಿಗಳನ್ನು ಒಟ್ಟಿಗೆ ಕಲಿಸಿದರೆ ಮಗುವಿನ ತಲೆಯಲ್ಲಿ ಗೊಂದಲವೂ ಜೋಡಿಯಾಗಿಯೇ ಕೂರುತ್ತದೆ. ದ ಗಟ್ಟಿಯಾದ ಎರಡು ಮೂರು ವಾರಗಳ ಮೇಲೆ ಧ ಬರಲಿ.

ಸರ್ಕಾರಿ ಶಾಲೆಯ ಮೊದಲ ಮೂರು ತರಗತಿಗಳ ಕಾರ್ಡು ಪದ್ಧತಿಯಾದ ನಲಿ-ಕಲಿಯಲ್ಲಿ ಅಕ್ಷರಗಳು ‘ರ ಗ ಸ ದ ಅ’ ಎಂದು ಶುರುವಾಗುವುದನ್ನು ಗಮನಿಸಿರಬಹುದು. ಶಾಲೆಯಲ್ಲಿ ಆ ಕ್ರಮ, ಮನೆಯಲ್ಲಿ ಅ ಆ ಇ ಈ ಎಂದಾದರೆ ಮಗು ಎರಡು ದೋಣಿಗಳಲ್ಲಿ ಕಾಲಿಟ್ಟಂತೆ. ಶಾಲೆಯ ಕ್ರಮವನ್ನೇ ಹಿಡಿಯಿರಿ. ಆ ಐದೇ ಅಕ್ಷರಗಳಲ್ಲಿ ಅರಸ, ಅಗಸ, ಸರ, ದರ, ಗರಗಸ ಎಂಬ ನಿಜವಾದ ಪದಗಳು ಹುಟ್ಟುತ್ತವೆ. ಮೊದಲ ವಾರವೇ ಪದ ಓದಿದೆ ಎಂಬ ಧೈರ್ಯ ಬರುತ್ತದೆ.

ಕಾಗುಣಿತವನ್ನು ಸಾಲಾಗಿ ಹೇಳಿಸುವುದು ಬಿಟ್ಟು ಚಿಹ್ನೆಯಾಗಿ ಕಲಿಸಿ. ‘ಕಿ’ ಯಾವುದು ಎಂದರೆ ಮಗು ಕ ಕಾ ಕಿ ಎಂದು ಮೊದಲಿಂದ ಎಣಿಸಿಕೊಂಡು ಬರುತ್ತಿದ್ದರೆ ಚಿಹ್ನೆ ತಿಳಿದಿಲ್ಲ ಎಂದೇ ಅರ್ಥ. ಕು, ಗು, ನು, ಸು ಇವುಗಳಿಂದ ಶುರು ಮಾಡಿ. ಇಲ್ಲಿ ಮೂಲ ಅಕ್ಷರ ಕೆಡುವುದಿಲ್ಲ, ಪಕ್ಕದಲ್ಲಿ ಕೊಂಬು ಸೇರುತ್ತದೆ ಅಷ್ಟೆ. ಪು, ವು ಎಂಬಲ್ಲಿ ಮಾತ್ರ ಕೊಂಬು ಕೆಳಗೆ ಹೋಗುತ್ತದೆ, ಅದನ್ನು ಬೇರೆಯಾಗಿ ತೋರಿಸಿ. ಕಾ, ಕಿ, ಕೆ ಆಮೇಲೆ, ಅಲ್ಲಿ ತಲೆಕಟ್ಟೇ ಮಾಯವಾಗುವುದರಿಂದ ಮಗುವಿಗೆ ಅಕ್ಷರ ಹೊಸದಾಗಿ ಕಾಣುತ್ತದೆ. ಕಿ-ಕೀ, ಕೆ-ಕೇ, ಕೊ-ಕೋ ಮೂರು ಜೋಡಿಗೂ ದೀರ್ಘದ ಗುರುತು ಒಂದೇ ಎಂದು ಒಮ್ಮೆ ಬೆರಳಿಟ್ಟು ತೋರಿಸಿದರೆ ಮೂರು ಪಾಠ ಒಂದಾಗುತ್ತದೆ.

ಇನ್ನು ‘ಪುತಕ’. ಕಿವಿಗೆ ಕೇಳಿಸುವುದು ಪುಸ್-ತ-ಕ. ಕಣ್ಣಿಗೆ ಕಾಣುವುದು ಪು-ಸ್ತ-ಕ. ‘ಸ್’ ಬಾಯಲ್ಲಿ ‘ಪು’ಗೆ ಅಂಟಿದೆ, ಬರಹದಲ್ಲಿ ‘ತ’ದ ತಲೆಯ ಮೇಲೆ ಕೂತಿದೆ. ಮಗಳು ಕೇಳಿದ ಹಾಗೆ ಬರೆಯಲು ಹೋಗಿ ‘ಸ್’ ಎಲ್ಲಿಡಬೇಕೆಂದು ತೋಚದೆ ಬಿಡುತ್ತಾಳೆ. ಆದ್ದರಿಂದ ಒತ್ತಕ್ಷರಕ್ಕೂ ಒಂದು ಕ್ರಮ ಬೇಕು. ಮೊದಲು ಅಕ್ಕ, ಅಪ್ಪ, ಅಜ್ಜ, ಹಗ್ಗ, ಬಟ್ಟೆ, ದಡ್ಡ. ಇಲ್ಲಿ ಒತ್ತು ಮೂಲ ಅಕ್ಷರದ ರೂಪದಲ್ಲೇ ಇರುತ್ತದೆ, ತಲೆಕಟ್ಟು ಇದ್ದರೆ ಅದು ಮಾತ್ರ ಬಿದ್ದುಹೋಗುತ್ತದೆ. ಆಮೇಲೆ ತ, ನ, ಮ, ಯ, ರ, ಲ. ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಒತ್ತು ಬರೆದ ಆರು ಕಾರ್ಡುಗಳನ್ನು ಬೇರೆಯಾಗಿಯೇ ಕಲಿಸಬೇಕು. (ಎಲ್ಲ ಮಕ್ಕಳಿಗೂ ಮೊದಲು ಬರೆಸುವ ‘ಅಮ್ಮ’ ಈ ಕಷ್ಟದ ಗುಂಪಿಗೇ ಸೇರಿದ್ದು!) ಮೂರನೆಯದಾಗಿ ಸ್ತ, ಷ್ಟ, ಕ್ಷ ಮುಂತಾದ ಬೇರೆಬೇರೆ ವ್ಯಂಜನಗಳ ಜೋಡಿ. ಕೊನೆಗೆ ಅರ್ಕಾವೊತ್ತು. ‘ಧರ್ಮ’ ಎಂಬಲ್ಲಿ ‘ರ್’ ಮೊದಲು ಕೇಳಿಸಿ ‘ಮ’ ಆದ ಮೇಲೆ ಬರೆಯಲ್ಪಡುತ್ತದೆ, ದೊಡ್ಡ ಮಕ್ಕಳೂ ಇಲ್ಲಿ ಎಡವುತ್ತಾರೆ. ‘ರ’ ಬರೆದು ಕೆಳಗೆ ಮ-ಒತ್ತು ಕೊಡುವ ರೂಪವೂ ಸರಿಯೇ. ಅದು ಸುಲಭವಾದರೆ ಹಾಗೇ ಬರೆಯಲಿ ಬಿಡಿ.

ದಿನದ 20 ನಿಮಿಷ ಹೀಗೆ ಹಂಚಿಕೊಳ್ಳಿ. ಮೊದಲ ಐದು ನಿಮಿಷ ಕಾರ್ಡುಗಳು: ಬರುವಂಥವು ಹತ್ತು, ಹೊಸವು ನಾಲ್ಕು. ಮುಂದಿನ ಹತ್ತು ನಿಮಿಷ ಓದು. 40 ರಿಂದ 50 ಪದಗಳ ಒಂದೇ ಪ್ಯಾರಾ. ಮೊದಲ ಸಲ ನೀವು ಬೆರಳಿಟ್ಟು ಓದಿ, ಎರಡನೇ ಸಲ ಇಬ್ಬರೂ ಒಟ್ಟಿಗೆ, ಮೂರನೇ ಸಲ ಅವಳೊಬ್ಬಳೇ. ಪದ ತಡವರಿಸಿದರೆ ಮೂರು ನಾಲ್ಕು ಎಣಿಸುವಷ್ಟು ಕಾದು, ನೀವೇ ಹೇಳಿಕೊಟ್ಟು, ಅವಳಿಂದ ಹೇಳಿಸಿ ಮುಂದೆ ಹೋಗಿ. ‘ಯೋಚನೆ ಮಾಡು, ನಿನ್ನೆ ಹೇಳಿಕೊಟ್ಟಿದ್ದೆ ಅಲ್ವಾ’ ಎನ್ನುತ್ತಾ ಕೂತರೆ ವಾಕ್ಯದ ಅರ್ಥ ಹರಿದುಹೋಗುತ್ತದೆ, ಅಳುವೂ ಶುರುವಾಗುತ್ತದೆ. ಕೊನೆಯ ಐದು ನಿಮಿಷ ಮೂರೇ ಪದಗಳ ಉಕ್ತಲೇಖನ. ಬರೆಯುವ ಮುನ್ನ ಎಷ್ಟು ಅಕ್ಷರವೋ ಅಷ್ಟು ಚಪ್ಪಾಳೆ. ತಟ್ಟೆಯಲ್ಲಿ ತೆಳುವಾಗಿ ರವೆ ಹರಡಿ ಬೆರಳಲ್ಲಿ ಬರೆಸಿದರೆ ಅಳಿಸುವ ರಗಳೆ ಇಲ್ಲ.

ಸಾಲು ತಪ್ಪಿಹೋಗುತ್ತಿದ್ದರೆ ರಟ್ಟಿನಲ್ಲಿ ಪಾಠದ ಒಂದು ಸಾಲಿನಷ್ಟೇ ಅಗಲದ ಕಿಂಡಿ ಕತ್ತರಿಸಿ ಪುಟದ ಮೇಲೆ ಇಳಿಸುತ್ತಾ ಹೋಗಿ. ಕಿಂಡಿಯ ಎತ್ತರ ಒತ್ತಕ್ಷರವೂ ಕಾಣುವಷ್ಟಿರಲಿ. ಎಷ್ಟೋ ಮನೆಗಳಲ್ಲಿ ಕಿಂಡಿ ಕಿರಿದಾಗಿ ಕೆಳಗಿನ ಒತ್ತೇ ಮುಚ್ಚಿಹೋಗಿರುತ್ತದೆ. ಇನ್ನೊಂದು ಮೋಸ: ಎರಡು ದಿನಕ್ಕೆ ಪ್ಯಾರಾ ಬಾಯಿಪಾಠವಾಗಿ ಮಗು ಪುಟ ನೋಡದೆಯೇ ಒಪ್ಪಿಸಿಬಿಡುತ್ತದೆ. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ. ಹೇಳದಿದ್ದರೆ ಓದು ನಡೆದಿಲ್ಲ.

ಆರು ತಿಂಗಳು ಹೀಗೆ ಮಾಡಿಯೂ ಒತ್ತಕ್ಷರವಿಲ್ಲದ ಸರಳ ಪದಗಳೇ ಬಾರದಿದ್ದರೆ ತಪಾಸಣೆಗೆ ಹೋಗಬೇಕು. ಆ ವಿವರ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಪಾಠ ಬಾಯಲ್ಲಿ ಕೇಳಿದರೆ ಚೆನ್ನಾಗಿ ಹೇಳುತ್ತಾನೆ, ಬರೆದರೆ ಮಾರ್ಕ್ಸ್ ಬರುವುದಿಲ್ಲ. ‘ಕಲಿಕಾ ನ್ಯೂನತೆ ಇರಬಹುದು, ಸರ್ಟಿಫಿಕೇಟ್ ಮಾಡಿಸಿ’ ಎಂದು ಮೇಷ್ಟ್ರು ಹೇಳಿದ್ದಾರೆ. ನಾನು ಆಟೊ ಓಡಿಸುತ್ತೇನೆ. ಖಾಸಗಿಯಲ್ಲಿ ವಿಚಾರಿಸಿದರೆ ಸಾವಿರಗಟ್ಟಲೆ ಹೇಳಿದರು. ಸರ್ಟಿಫಿಕೇಟ್‌ನಿಂದ ನಿಜವಾಗಿ ಏನು ಸಿಗುತ್ತದೆ?
(ಓದುಗರು, ಚನ್ನಪಟ್ಟಣ)

ಉತ್ತರ: ಖಾಸಗಿಯವರಿಗೆ ದುಡ್ಡು ಕಟ್ಟುವ ಮೊದಲು ಒಂದೇ ಮಾತು ಕೇಳಿ: ‘ನಿಮ್ಮ ವರದಿಯನ್ನು ಎಸ್ಸೆಸ್ಸೆಲ್ಸಿ ಮಂಡಳಿ ಒಪ್ಪುತ್ತದೆಯೇ?’ ಪರೀಕ್ಷೆಯ ಸೌಲಭ್ಯಕ್ಕೆ ನಡೆಯುವುದು ಸರ್ಕಾರ ಅಧಿಕಾರ ಕೊಟ್ಟ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ. ಖಾಸಗಿ ವರದಿ ಹಿಡಿದುಕೊಂಡು ಜನವರಿಯಲ್ಲಿ ಓಡಾಡುವವರು ಪ್ರತಿ ವರ್ಷ ಇರುತ್ತಾರೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಓದಿನ ತೊಡಕಾದ ಡಿಸ್ಲೆಕ್ಸಿಯಾ, ಬರವಣಿಗೆಯ ಡಿಸ್‌ಗ್ರಾಫಿಯಾ, ಲೆಕ್ಕದ ಡಿಸ್‌ಕ್ಯಾಲ್ಕುಲಿಯಾ ಎಲ್ಲವೂ ಇದರಡಿ ಬರುತ್ತವೆ. ನ್ಯೂನತೆ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕಿದರೆ ಕಾಯ್ದೆಯ ಮುಖ್ಯ ಸೌಲಭ್ಯಗಳು ಅನ್ವಯಿಸುತ್ತವೆ: 18 ವರ್ಷದವರೆಗೆ ಉಚಿತ ಶಿಕ್ಷಣ, ಮುಂದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರ ಮೀಸಲಾತಿ.

ದಾರಿ ಹೀಗಿದೆ. ವಿಕಲಚೇತನರಿಗೆ ಗುರುತಿನ ಚೀಟಿ ಕೊಡುವ ಸರ್ಕಾರದ ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಹಾಕಿ. ಆಧಾರ್, ಫೋಟೊ, ವಿಳಾಸದ ದಾಖಲೆ ಬೇಕು, ಅರ್ಜಿಗೆ ಸರ್ಕಾರದ ಶುಲ್ಕವಿಲ್ಲ. ಆಮೇಲೆ ಜಿಲ್ಲಾ ಆಸ್ಪತ್ರೆ. ಬುದ್ಧಿಶಕ್ತಿಯ ಪರೀಕ್ಷೆ, ಓದು-ಬರಹ-ಲೆಕ್ಕದ ಪರೀಕ್ಷೆ ಎರಡೂ ಆಗಬೇಕಾದ್ದರಿಂದ ಒಂದೇ ಭೇಟಿಗೆ ಮುಗಿಯುವುದಿಲ್ಲ. ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೋ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ರೆಫರ್ ಮಾಡಿಸಿಕೊಳ್ಳಿ. ಚನ್ನಪಟ್ಟಣಕ್ಕೆ ಎರಡೂ ರೈಲಿನ ದಾರಿಯಲ್ಲೇ ಇವೆ. ಬಿಪಿಎಲ್ ಕಾರ್ಡ್ ಜೇಬಿನಲ್ಲಿರಲಿ, ಕೌಂಟರಿನಲ್ಲಿ ರಿಯಾಯಿತಿ ಬಾಯಿಬಿಟ್ಟು ಕೇಳಿ.

ಜೊತೆಗೆ ಒಯ್ಯಬೇಕಾದ್ದು ಹಿಂದಿನ ಎರಡು ಮೂರು ವರ್ಷದ ಅಂಕಪಟ್ಟಿ, ತರಗತಿಯಲ್ಲೇ ಬರೆದ ನೋಟುಪುಸ್ತಕ, ಉತ್ತರ ಪತ್ರಿಕೆ, ಮೇಷ್ಟ್ರು ಕೈಯಾರೆ ಬರೆದ ಒಂದು ಪುಟದ ಟಿಪ್ಪಣಿ. ಅಕ್ಕ ಕೂತು ನೀಟಾಗಿ ನಕಲು ಮಾಡಿಕೊಟ್ಟ ನೋಟ್ಸ್ ಒಯ್ಯಬೇಡಿ. ಪರೀಕ್ಷಿಸುವವರಿಗೆ ಮಗುವಿನ ತಪ್ಪುಗಳೇ ಸಾಕ್ಷಿ. ಕನ್ನಡಕ ಇದ್ದರೆ ಮರೆಯಬೇಡಿ. ಪರೀಕ್ಷೆ ಕನ್ನಡ ಮಾಧ್ಯಮದಲ್ಲೇ ನಡೆಯಲಿ ಎಂದು ಮೊದಲೇ ಹೇಳಿ.

ಚಿಕ್ಕ ಮಕ್ಕಳ ತಂದೆತಾಯಿಗೆ ಒಂದು ಮಾತು. 8 ವರ್ಷಕ್ಕಿಂತ ಮೊದಲು ಈ ಪ್ರಮಾಣಪತ್ರ ಕೊಡುವುದಿಲ್ಲ. 8ಕ್ಕೆ ಸಿಕ್ಕರೂ 14 ಮತ್ತು 18ಕ್ಕೆ ಮತ್ತೆ ಪರೀಕ್ಷೆ ಆಗಬೇಕು.

ನಿಮ್ಮ ಮಗನಿಗೆ ಈಗಲೇ ಬೇಕಾದದ್ದು ಪರೀಕ್ಷೆಯ ಅನುಕೂಲ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಬರೆಯಲಾಗದವರಿಗೆ ಲಿಪಿಕಾರರು, ಅಂದರೆ ಹೇಳಿದ್ದನ್ನು ಬರೆದುಕೊಡುವವರು. ಭಾಷಾ ವಿಷಯಗಳ ರಿಯಾಯಿತಿಗೆ ಆ ವರ್ಷದ ಮಂಡಳಿಯ ಸುತ್ತೋಲೆಯನ್ನು ಮುಖ್ಯ ಶಿಕ್ಷಕರ ಬಳಿಯೇ ಓದಿಸಿಕೊಳ್ಳಿ. ಇವೆಲ್ಲವೂ ಹತ್ತನೇ ತರಗತಿಯ ನೋಂದಣಿಯ ಹೊತ್ತಿಗೆ ಶಾಲೆಯ ಮೂಲಕ ಹೋಗಬೇಕು, ಆದ್ದರಿಂದ ಒಂಬತ್ತರಲ್ಲೇ ಪ್ರಮಾಣಪತ್ರ ಕೈಗೆ ಬರಲಿ.

ಲಿಪಿಕಾರರು ಸಿಕ್ಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಉತ್ತರ ಹೇಳಿ ಬರೆಸುವುದು ಬೇರೆಯೇ ವಿದ್ಯೆ. ಎಲ್ಲಿ ಹೊಸ ಪ್ಯಾರಾ, ಚಿತ್ರದಲ್ಲಿ ಯಾವ ಭಾಗಕ್ಕೆ ಯಾವ ಹೆಸರು, ಲೆಕ್ಕದ ಮೆಟ್ಟಿಲುಗಳು, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಅಭ್ಯಾಸವಿಲ್ಲದ ಹುಡುಗ ಹೆಚ್ಚು ಅಂಕದ ಪ್ರಶ್ನೆಗೆ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾನೆ. ಎಂಟನೇ ತರಗತಿಯ ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆಸಿ.

ಪ್ರಶ್ನೆ: ನಾಲ್ಕನೇ ಮತ್ತು ಐದನೇ ತರಗತಿಗೆ ನಾನೊಬ್ಬಳೇ ಶಿಕ್ಷಕಿ. ಆರು ಮಕ್ಕಳಿಗೆ ಓದಲು ಬರುವುದಿಲ್ಲ. ಯಾರಿಗೆ ಕಲಿಕಾ ನ್ಯೂನತೆ, ಯಾರಿಗೆ ಬರೀ ಹಾಜರಾತಿಯ ಕೊರತೆ ಎಂದು ತಿಳಿಯುವುದು ಹೇಗೆ?
(ಓದುಗರು, ಶಹಾಪುರ)

ಉತ್ತರ: ಹಣೆಪಟ್ಟಿ ಹಚ್ಚುವ ಕೆಲಸ ನಿಮ್ಮದಲ್ಲ, ದಾಖಲೆ ಇಡುವುದು ನಿಮ್ಮದು. ಮೊದಲು ಹಾಜರಿ ಪುಸ್ತಕ ನೋಡಿ. ಹಂಗಾಮಿನಲ್ಲಿ ತಂದೆತಾಯಿಯ ಜೊತೆ ಗುಳೆ ಹೋಗಿ ಬಂದ ಮಗು ತಪ್ಪಿಸಿಕೊಂಡ ಪಾಠ ಸಿಕ್ಕಿದರೆ ಎರಡು ಮೂರು ತಿಂಗಳಲ್ಲಿ ಎದ್ದು ಕಾಣುವಷ್ಟು ಮುಂದೆ ಬರುತ್ತದೆ. ದಿನವೂ ಶಾಲೆಗೆ ಬಂದು, ಅದೇ ಪಾಠ ಕೇಳಿ, ನಿನ್ನೆ ಬಂದ ಅಕ್ಷರ ಇವತ್ತು ಮರೆತು ನಿಲ್ಲುವ ಮಗುವಿನ ಬಗ್ಗೆ ಯೋಚಿಸಬೇಕು.

ತಪ್ಪುಗಳಲ್ಲೂ ಲೆಕ್ಕಕ್ಕೆ ಬರುವುದು ಯಾವುದು, ಬಾರದ್ದು ಯಾವುದು ಎಂದು ಬೇರ್ಪಡಿಸಿ. ಬ-ಭ, ದ-ಧ, ಶ-ಷ-ಸ ಅದಲುಬದಲಾದರೆ ಚಿಂತಿಸಬೇಡಿ, ದೊಡ್ಡವರ ಮಾತಿನಲ್ಲೇ ಆ ಭೇದ ಎಷ್ಟೋ ಕಡೆ ಇಲ್ಲ. ಮಂಡ್ಯ ಕಡೆಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಅದು ಆಡುನುಡಿ. ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವ ಮಗುವಿಗೆ ಕನ್ನಡ ಪದದ ಅರ್ಥವೇ ಹೊಸದಿರಬಹುದು. ಅಕ್ಷರವೇ ಬಿಟ್ಟುಹೋಗುವುದು, ‘ಕಮಲ’ ಎಂಬುದು ‘ಕಲಮ’ ಆಗುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಬರೆಯುವುದು, ‘ಮರದಿಂದ ಮ ತೆಗೆದರೆ ಏನು ಉಳಿಯುತ್ತದೆ’ ಎಂದು ಬಾಯಲ್ಲಿ ಕೇಳಿದರೂ ಹೇಳಲಾಗದಿರುವುದು, ಇವನ್ನು ದಿನಾಂಕ ಹಾಕಿ ಬರೆದಿಡಿ.

ಆ ಆರು ಮಕ್ಕಳಿಗೆ ಕೆಳಗಿನ ತರಗತಿಯ ನಲಿ-ಕಲಿ ಕಾರ್ಡುಗಳನ್ನೇ ಬಳಸಿ. ಮೂರನೆಯದಕ್ಕೆ ಕಾರ್ಡು ಮುಗಿದು ನಾಲ್ಕರಲ್ಲಿ ಒಮ್ಮೆಲೇ ದಪ್ಪ ಪಠ್ಯಪುಸ್ತಕ ಎದುರಾಗುವುದೇ ಎಷ್ಟೋ ಮಕ್ಕಳಿಗೆ ಕಂದಕ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿ, ಇರುತ್ತಾರೆ. ಫೋನಿನಲ್ಲಿ ಹೇಳಿ ಬಿಡದೆ ಮುಖ್ಯ ಶಿಕ್ಷಕರ ಸಹಿಯೊಂದಿಗೆ ಪತ್ರ ಕೊಡಿ. ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲೂ ಕಲಿಕಾ ತೊಂದರೆ ಇದೆ. ಅವರು ಹಲ್ಲು, ತೂಕ ನೋಡಿ ಹೊರಡುವ ಮುನ್ನ ನಿಮ್ಮ ದಾಖಲೆ ತೋರಿಸಿ ಇಂಥ ಮಕ್ಕಳನ್ನು ಪರೀಕ್ಷಿಸಿ ನೆರವಾಗುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ರೆಫರ್ ಮಾಡಿಸಿ.

ಪ್ರಶ್ನೆ: ನೆನಪಿನ ಶಕ್ತಿಗೆ ಟಾನಿಕ್, ಬೆರಳಚ್ಚು ನೋಡಿ ಬುದ್ಧಿ ಅಳೆಯುವ ಪರೀಕ್ಷೆ, ಮಿದುಳು ಚುರುಕು ಮಾಡುತ್ತೇವೆ ಎನ್ನುವ ಮಿಡ್‌ಬ್ರೈನ್ ಕೋರ್ಸ್: ಇವುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬಹುದು?
(ಓದುಗರು, ತಿಪಟೂರು)

ಉತ್ತರ: ಯಾವುದಕ್ಕೂ ಬೇಡ. ಮೂರಕ್ಕೂ ವೈಜ್ಞಾನಿಕ ಆಧಾರವಿಲ್ಲ. ಮಗು ಬಿಳಿಚಿಕೊಂಡು ಸುಸ್ತಾಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣಾಂಶದ ಮಾತ್ರೆ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಐದನೇ ಕ್ಲಾಸಿನ ಮೊಮ್ಮಗನಿಗೆ ಮಗ್ಗಿ ನಿಲ್ಲುವುದಿಲ್ಲ. 62ರಲ್ಲಿ 38 ಕಳೆ ಅಂದರೆ 36 ಅನ್ನುತ್ತಾನೆ. ನಾನು ನಿವೃತ್ತ ಅಂಚೆ ನೌಕರ, ಸಮಯ ಬೇಕಾದಷ್ಟಿದೆ.
(ಓದುಗರು, ಸಿದ್ದಾಪುರ, ಉತ್ತರ ಕನ್ನಡ)

ಉತ್ತರ: 36 ಎಂಬ ಉತ್ತರ ಬೇಕಾಬಿಟ್ಟಿ ಬಂದದ್ದಲ್ಲ. ಎರಡರಲ್ಲಿ ಎಂಟು ಹೋಗುವುದಿಲ್ಲ ಎಂದು ಎಂಟರಲ್ಲಿ ಎರಡು ಕಳೆದಿದ್ದಾನೆ. 62 ಎಂದರೆ ಆರು ಹತ್ತು ಮತ್ತು ಎರಡು ಬಿಡಿ ಎಂಬುದು ಕೈಗೆ ಸಿಕ್ಕಿಲ್ಲ. ಪೊರಕೆ ಕಡ್ಡಿಗಳನ್ನು ಒಂದೇ ಉದ್ದಕ್ಕೆ ಮುರಿದು ಹತ್ತತ್ತರ ಕಟ್ಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ. ಕಟ್ಟು ಬಿಚ್ಚದೆ ಎಂಟು ಕೊಡಲಾಗದು ಎಂಬುದನ್ನು ಅವನ ಕೈಯೇ ಕಂಡುಕೊಳ್ಳಲಿ. ಕಡ್ಡಿ ತೆಗೆಯುವುದು, ಪಕ್ಕದಲ್ಲಿ ಅಂಕಿ ಬರೆಯುವುದು ಎರಡೂ ಒಟ್ಟೊಟ್ಟಿಗೇ ನಡೆಯಬೇಕು. ಕಡ್ಡಿ ಆಟ ಇವತ್ತು, ಲೆಕ್ಕದ ಪುಸ್ತಕ ನಾಳೆ ಎಂದಾದರೆ ಎರಡಕ್ಕೂ ನಂಟೇ ಬೆಳೆಯುವುದಿಲ್ಲ.

30 ಮೊಟ್ಟೆಯ ರಟ್ಟಿನ ಟ್ರೇ ಅಂಗಡಿಯಲ್ಲಿ ಬಿಟ್ಟಿ ಸಿಗುತ್ತದೆ. ಐದು ಗುಳಿಗಳ ಎರಡೆರಡು ಸಾಲಿನಂತೆ ಕತ್ತರಿಸಿದರೆ ಹತ್ತರ ಮೂರು ತಟ್ಟೆಗಳಾಗುತ್ತವೆ. ಹುಣಸೆ ಬೀಜ ಏಳು ಹಾಕಿದರೆ ಹತ್ತಕ್ಕೆ ಮೂರು ಕಡಿಮೆ ಎಂದು ಎಣಿಸದೆಯೇ ಕಾಣಿಸುತ್ತದೆ. ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಕಿವಿಗೆ ಒಂದೇ ಥರ, ಈ ಮಕ್ಕಳು ಅಲ್ಲಿ ಬಹಳ ಜಾರುತ್ತಾರೆ. ಆ ಮೂರಕ್ಕೆ ಮಾತ್ರ ‘ಎಂಟು ಹತ್ತು ಎಂಬತ್ತು, ಒಂಬತ್ತು ಹತ್ತು ತೊಂಬತ್ತು’ ಎಂದು ಕಟ್ಟು ಮುಟ್ಟಿ ಹೇಳಿಸಿ.

ಮಗ್ಗಿಯಲ್ಲಿ ಎರಡು, ಐದು, ಹತ್ತು ಗಟ್ಟಿಯಾದರೆ ಸಾಕು, ಉಳಿದದ್ದು ಕಟ್ಟಿಕೊಳ್ಳಬಹುದು. ಏಳಾರು ಬೇಕಾದರೆ ಐದಾರು 30, ಎರಡಾರು 12, ಕೂಡಿದರೆ 42. ಸಂಜೆ ಚೌಕಾಬಾರ ಹಾಕಿಕೊಂಡು ಕೂತರೆ ಕೂಡುವ ಅಭ್ಯಾಸ ಹೇಳದೆಯೇ ಆಗುತ್ತದೆ.

ಪ್ರಶ್ನೆ: ಮನೆಯಲ್ಲಿ ಒಂದೇ ಫೋನು, ಅದೂ ಹಳೆಯದು. ಓದಲು ಕಷ್ಟಪಡುವ ಏಳನೇ ತರಗತಿಯ ಮಗಳಿಗೆ ಅದರಿಂದ ಉಪಯೋಗವಿದೆಯೇ?
(ಓದುಗರು, ಮೂಡಿಗೆರೆ)

ಉತ್ತರ: ಇದೆ. ಆ್ಯಪ್ ಹುಡುಕುವ ಮೊದಲು ಫೋನಿನ ಧ್ವನಿಮುದ್ರಣ ಬಳಸಿ. ಸಮಾಜ, ವಿಜ್ಞಾನದ ಪಾಠಗಳನ್ನು ಅಣ್ಣನೋ ಪಕ್ಕದ ಮನೆಯವರೋ ನಿಧಾನವಾಗಿ ಓದಿ, ಐದೈದು ನಿಮಿಷದ ತುಂಡುಗಳಾಗಿ ಮುದ್ರಿಸಲಿ. ಅವಳು ಪುಸ್ತಕ ತೆರೆದು ಬೆರಳಿಟ್ಟುಕೊಂಡೇ ಕೇಳಬೇಕು. ಇಡೀ ಪಾಠ ಒಂದೇ ಕಡತವಾದರೆ ಬೇಕಾದ ಜಾಗ ಸಿಗದೆ ಬೇಸರವಾಗುತ್ತದೆ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ಸಿಗುತ್ತದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತ, ಓದಿನ ಮಟ್ಟ ಒಂದರಿಂದ ನಾಲ್ಕರವರೆಗೆ ವಿಂಗಡಿಸಿದ್ದಾರೆ. ಏಳನೆಯ ತರಗತಿಯವಳಿಗೆ ಒಂದನೇ ಮಟ್ಟ ಕೊಡುವಾಗ ತಂಗಿಗೆ ಓದಿ ಹೇಳುವ ನೆಪ ಮಾಡಿ, ಇಲ್ಲದಿದ್ದರೆ ಅವಮಾನವೆನಿಸುತ್ತದೆ.

ಕೀಬೋರ್ಡಿನಲ್ಲಿ ಕನ್ನಡ ಸೇರಿಸಿ ಮೈಕ್ ಗುರುತು ಒತ್ತಿದರೆ ಹೇಳಿದ್ದನ್ನು ಅದೇ ಬರೆದುಕೊಳ್ಳುತ್ತದೆ. ಪ್ರಬಂಧದ ಕರಡಿಗೆ ಬಹಳ ಅನುಕೂಲ. ಆದರೆ ಆಡುಮಾತನ್ನು ಅದು ತಪ್ಪಾಗಿ ಹಿಡಿಯುವುದುಂಟು. ಬರೆದದ್ದನ್ನು ಜೊತೆಗೆ ಕೂತು ಒಮ್ಮೆ ಓದಿ, ತಪ್ಪು ಹಿಡಿಯುವ ಕೆಲಸ ಅವಳಿಗೇ ಬಿಡಿ. ಮಗಳು ಶಾಲೆಯ ಹೆಸರೆತ್ತಿದರೆ ಅಳುವುದು, ಊಟ ನಿದ್ದೆ ಬಿಡುವುದು ಕಂಡರೆ ಓದಿಸುವುದನ್ನು ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.